ಸದ್ದಿನ ಕೀ ಕೈಕೊಟ್ಟ ಸಂಜೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಮನೆಯಲ್ಲಿ ಅದು ಅಷ್ಟು ಹೊತ್ತೂ ನಡೆಯುತ್ತಿರಲಿಲ್ಲ. ಒಂದು ಕೀ ಒತ್ತಿದರೆ ಮುಗಿಯುತ್ತಿತ್ತು.

ಗಂಡ ವಾಹನಗಳ ಸೀಟಿಗೆ ಹೊದಿಕೆ ಹೊಲಿಯುವವನು. ಹೆಂಡತಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಬೀದಿಗೆಲ್ಲ ಟೀಚರಮ್ಮ. ಗಂಟಲಿನ ಆಪರೇಷನ್ ಆದ ಮೇಲೆ ಅವಳ ದನಿ ಹೋಯಿತು. ಅಂದಿನಿಂದ ಲ್ಯಾಪ್‌ಟಾಪೇ ಅವಳ ಬಾಯಿ. ಅವಳು ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದುತ್ತಿತ್ತು. ಮಾತಿಗೆ ಮಾತು ಬೆಳೆದಾಗ ಅವನು ಕೈ ಚಾಚಿ ಮೇಲಿನ ಸಾಲಿನ ಒಂದು ಕೀ ಒತ್ತಿಬಿಡುತ್ತಿದ್ದ. ಸ್ಪೀಕರಿನ ಚಿತ್ರಕ್ಕೆ ಗೀಟು ಹೊಡೆದ, ಸದ್ದು ಅಡಗಿಸುವ ಕೀ ಅದು. ಅವಳು ಅವನ ಕೈಮೇಲೊಂದು ಏಟು ಕೊಟ್ಟು, ಅದನ್ನೇ ಮತ್ತೆ ಒತ್ತಿ, ಬಿಟ್ಟಲ್ಲಿಂದ ಶುರು ಮಾಡುತ್ತಿದ್ದಳು. ಇಬ್ಬರಿಗೂ ಅದೊಂದು ಆಟ.

ಆ ಭಾನುವಾರವೂ ಹಾಗೇ ಆಯಿತು.

"ಕತ್ತರಿ ಎಲ್ಲಿಟ್ರಿ ಅಂತ ಕೇಳಿದ್ರೆ ಸೂರು ನೋಡ್ತೀರಲ್ಲ ರೀ" ಎಂದಿತು ಲ್ಯಾಪ್‌ಟಾಪ್.

"ಸಾಕು ಟೀಚರಮ್ಮ, ಇವತ್ತಿನ ಕ್ಲಾಸು ಮುಗೀತು" ಎಂದು ಅವನು ಕೀ ಒತ್ತಿದ.

ಅವಳು ನಗುತ್ತ ಅಡುಗೆಮನೆಗೆ ಎದ್ದುಹೋದಳು. ಅಷ್ಟರಲ್ಲಿ ಪರದೆಯ ಮೇಲೆ ಅಪ್‌ಡೇಟ್ ಮಾಡಲೇ ಎಂಬ ಪ್ರಶ್ನೆ ಬಂತು. ಕೆಲವು ದಿನಗಳಿಂದ ಬರುತ್ತಲೇ ಇತ್ತು. ಒಂದು ಸಲ ಮುಗಿಸಿಬಿಟ್ಟರೆ ಕಾಟ ತಪ್ಪುತ್ತದೆಂದು ಅವನು ಹೂಂ ಎಂದ. ಅವಳನ್ನು ಕೇಳಲಿಲ್ಲ.

ಸಂಜೆ ಲ್ಯಾಪ್‌ಟಾಪ್ ತೆರೆದರೆ ದನಿಯಿಲ್ಲ. ಅವಳು ಆ ಕೀ ಒತ್ತಿದಳು. ಏನೂ ಆಗಲಿಲ್ಲ. ಸದ್ದು ಏರಿಸುವ ಕೀ, ಬೆಳಕು ಹೆಚ್ಚಿಸುವ ಕೀ, ಆ ಸಾಲಿನ ವಿಶೇಷ ಕೀಗಳೆಲ್ಲ ಸತ್ತಂತಿದ್ದವು. ಅಕ್ಷರದ ಕೀಗಳು ಮಾತ್ರ ಸರಿಯಾಗಿದ್ದವು. ಆಗಲೇ ಅವಳ ಫೋನಿಗೆ ಆಸ್ಪತ್ರೆಯಿಂದ ಅಕ್ಕನ ಕರೆ ಬಂತು.

"ಅಮ್ಮ ನಿನ್ನನ್ನೇ ಕೇಳ್ತಿದಾಳೆ ಕಣೇ. ಉಸಿರಾಟ ಚೆನ್ನಾಗಿಲ್ಲ. ಫೋನು ಕಿವಿಗಿಡ್ತೀನಿ, ಎರಡು ಮಾತಾಡು."

ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಮುಖ ತೋರಿಸಿ ಪ್ರಯೋಜನವಿರಲಿಲ್ಲ. ಅವಳು ಬೇಗಬೇಗ ಟೈಪ್ ಮಾಡಿದಳು. ಅವನು ಪರದೆ ನೋಡಿ ಓದಿದ: "ಅತ್ತೆ, ಧೈರ್ಯವಾಗಿರಬೇಕಂತೆ. ಬೆಳಿಗ್ಗೆ ಮೊದಲ ಬಸ್ಸಿಗೇ ಬರ್ತಾಳಂತೆ."

"ನೀವು ಸುಮ್ನಿರಿ ಅಳಿಯಂದಿರೇ" ಎಂದಿತು ಆ ಕಡೆಯ ಸಣ್ಣ ದನಿ. "ಅವಳೇ ಹೇಳ್ಲಿ. ಆ ಮಿಷನ್ನಿನ ದನೀನೇ ನನ್ನ ಮಗಳ ದನಿ ಅಂತ ಒಪ್ಕೊಂಡಿದೀನಿ."

ಅವಳು ಉಗುರಿನಿಂದ ಫೋನನ್ನು ಬಡಿದಳು. ನಾನಿದ್ದೇನೆ ಎನ್ನಲು ಅವಳಿಗೆ ಬೇರೆ ದಾರಿ ಹೊಳೆಯಲಿಲ್ಲ.

"ಬರೀ ಟಕಟಕ ಅಂತಿದೆ" ಎಂದಳು ಅಮ್ಮ. ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. "ಕೋಪಾನಾ ಅವಳಿಗೆ?"

"ಇಲ್ಲ ಅತ್ತೆ, ಮಿಷನ್ನು ಕೆಟ್ಟಿದೆ" ಎಂದು ಅವನು ಕೂಗಿದ. ಅದು ಅಮ್ಮನಿಗೆ ಕೇಳಿಸಿತೋ ಇಲ್ಲವೋ.

ಬೆಳಿಗ್ಗೆ ಬಸ್ಸು ಹತ್ತುವ ಮೊದಲೇ ಸುದ್ದಿ ಬಂತು.

ಎಲ್ಲ ಮುಗಿಸಿ ಊರಿಗೆ ಮರಳಿದ ಮೇಲೆ ಅವನು ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದ. ಅಲ್ಲಿಯವನು, "ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು" ಎಂದ. ಹೆಂಡತಿಯನ್ನು ಕೇಳಿ ಬರುತ್ತೇನೆಂದು ಅವನು ಅದನ್ನು ಮನೆಗೆ ತಂದ. ಅವಳು ತಲೆ ಎತ್ತಲಿಲ್ಲ.

ಅದೇ ದಿನ ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗೆಳತಿ ಅವಳನ್ನು ಮಾತಾಡಿಸಿಕೊಂಡು ಹೋಗಲು ಬಂದಳು. ನಡೆದದ್ದನ್ನೆಲ್ಲ ಅವನಿಂದ ಕೇಳಿ ತಿಳಿದುಕೊಂಡಳು. ಪರದೆಯ ಮೂಲೆಯಲ್ಲಿದ್ದ ಚಿಕ್ಕ ಸ್ಪೀಕರಿನ ಚಿತ್ರವನ್ನು ಬೆರಳು ಸರಿಸಿ ಒತ್ತಿದಳು. ಗೀಟು ಮಾಯವಾಯಿತು. "ಈಗ ಟೈಪ್ ಮಾಡಿ ನೋಡಿ ಅಕ್ಕಾ."

ಟೀಚರಮ್ಮ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಟೈಪ್ ಮಾಡಿದಳು.

"ಈಗ ಯಾರಿಗೆ ಹೇಳ್ಲಿ?" ಎಂದಿತು ಲ್ಯಾಪ್‌ಟಾಪ್.

ಗೆಳತಿ ಅವಳ ಕೈ ಹಿಡಿದುಕೊಂಡಳು.

ಅವನು ಲ್ಯಾಪ್‌ಟಾಪಿನತ್ತ ಕೈ ತೋರಿಸಿದ. "ಇನ್ನು ಜನ್ಮದಲ್ಲಿ ಅಪ್‌ಡೇಟ್ ಮಾಡಲ್ಲ. ಇದ್ದ ಕೀನೂ ಕೆಡಿಸಿಬಿಡ್ತು."

"ಕೀ ಕೆಟ್ಟಿಲ್ಲ ಅಣ್ಣಾ. ನೀವು ಸೀಟಿಗೆ ಹೊಸ ಹೊದಿಕೆ ಹೊಲೀತೀರಿ. ಸೀಟು ಸರಿಸೋ ಹಿಡಿಗೆ ಕಿಂಡಿ ಬಿಡೋದು ಮರೆತ್ರೆ?"

"ಹಿಡಿ ಒಳಗೇ ಉಳಿಯುತ್ತೆ."

"ಇದೂ ಹಾಗೇ. ಈ ಕೀಗಳಿಗೆ ಲ್ಯಾಪ್‌ಟಾಪ್ ಮಾಡಿದ ಕಂಪನಿಯದೇ ಒಂದು ಸಣ್ಣ ಸಾಫ್ಟ್‌ವೇರ್ ಇರುತ್ತೆ. ಕೆಲವು ಸಲ ಅಪ್‌ಡೇಟ್ ಆದ್ಮೇಲೆ ಹಳೇದು ಹೊಂದೋದಿಲ್ಲ, ಹೊಸದು ಹಾಕ್ಬೇಕು. ಅದಕ್ಕೆ ಎಲ್ಲ ಅಳಿಸೋದು ಬೇಡ."

"ಅಪ್‌ಡೇಟೇ ಮಾಡದಿದ್ರೆ ಆಯ್ತಲ್ಲ?"

"ಕಳ್ಳರು ನುಗ್ಗದ ಹಾಗೆ ಬಾಗಿಲು ಭದ್ರ ಮಾಡೋದೂ ಅದೇ ಅಣ್ಣಾ. ಮಾಡಿ. ಆದ್ರೆ ಬಿಡುವಿರೋ ದಿನ ಮಾಡಿ. ಮೊದಲು ಬೇಕಾದ್ದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿಟ್ಕೊಳ್ಳಿ." ಅವಳು ಟೀಚರಮ್ಮನತ್ತ ತಿರುಗಿದಳು. "ಟೈಪ್ ಮಾಡಿದ್ದನ್ನ ಓದೋ ಆ್ಯಪ್ ಫೋನಿಗೂ ಸಿಗುತ್ತೆ. ಹಾಕಿ ಕೊಡ್ತೀನಿ."

ಅವನು ಮೇಜಿನ ಮೇಲಿದ್ದ ತನ್ನ ಫೋನನ್ನು ನೋಡಿದ. ಆ ಸಂಜೆ ಅದು ಅವನ ಜೇಬಿನಲ್ಲೇ ಇತ್ತು.

ಗೆಳತಿ ಕಂಪನಿಯ ಸ್ವಂತ ಜಾಲತಾಣ ತೆರೆದು, ಲ್ಯಾಪ್‌ಟಾಪಿನ ಅಡಿಯಲ್ಲಿದ್ದ ಮಾದರಿಯ ಹೆಸರು ನೋಡಿ, ಆ ಸಾಫ್ಟ್‌ವೇರ್ ಇಳಿಸಿದಳು. ಲ್ಯಾಪ್‌ಟಾಪ್ ಒಮ್ಮೆ ಆರಿ ಹತ್ತಿತು. ಕೀಗಳಿಗೆ ಜೀವ ಬಂತು.

ಈಗಲೂ ಅವರು ಜಗಳವಾಡುತ್ತಾರೆ. ಆದರೆ ಅವನು ಆ ಕೀ ಮುಟ್ಟುವುದಿಲ್ಲ; ಅವಳು ಹೇಳಿ ಮುಗಿಸುವವರೆಗೂ ಕೂತು ಕೇಳುತ್ತಾನೆ. ಅಪ್‌ಡೇಟ್ ಎಂಬ ಮಾತು ಪರದೆಗೆ ಬಂದರೆ, "ಇವತ್ತು ಮಾಡ್ಲಾ, ನಿನಗೇನಾದ್ರೂ ಮಾತಿದ್ಯಾ?" ಎಂದು ಕೇಳುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಅಪ್‌ಡೇಟ್ ಆದ ಮೇಲೆ ಕೀಗಳು ಕೈಕೊಟ್ಟರೆ ಗಾಬರಿಯಾಗಬೇಡಿ. ಸದ್ದು, ಬೆಳಕು ಎರಡನ್ನೂ ಪರದೆಯ ಮೇಲಿಂದಲೇ ಸರಿಪಡಿಸಬಹುದು. ಗುರುತಿಲ್ಲದ ಜಾಲತಾಣದಿಂದ ಏನನ್ನೂ ಇಳಿಸಬೇಡಿ, ಸರಿಮಾಡಿಕೊಡುತ್ತೇವೆಂದು ಪರದೆಯಲ್ಲಿ ಕಾಣುವ ಗುರುತಿಲ್ಲದ ನಂಬರಿಗೆ ಕರೆ ಮಾಡಬೇಡಿ. ಅಳಿಸಲು ಒಪ್ಪುವ ಮೊದಲು ತಿಳಿದವರನ್ನು ಒಂದು ಮಾತು ಕೇಳಿ. ಆ ಯಂತ್ರವನ್ನೇ ನಂಬಿಕೊಂಡವರು ನಿಮ್ಮ ಮನೆಯಲ್ಲಿದ್ದರೆ, ಅವರನ್ನು ಕೇಳದೆ ಅಪ್‌ಡೇಟಿಗೆ ಹೂಂ ಅನ್ನಬೇಡಿ. ಕೀ ಇವತ್ತಲ್ಲ ನಾಳೆ ಸರಿಹೋಗುತ್ತದೆ. ಕಿವಿಗೊಟ್ಟು ಕಾಯುತ್ತಿರುವವರಿಗೆ ನಾಳೆ ಇರುತ್ತದೆಂದು ಹೇಳಲಾಗದು.