ತೆಗೆಯುವುದು ಎಂದರೆ

ಆಸ್ಪತ್ರೆಯಲ್ಲಿ ನನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಹೇಳುವುದು ತುಸು ಕಷ್ಟ. ನಾನು ಸೂಜಿ ಚುಚ್ಚುವುದಿಲ್ಲ, ಔಷಧಿ ಕೊಡುವುದಿಲ್ಲ. ಚುಚ್ಚಿಸಿಕೊಳ್ಳುವ ಮಕ್ಕಳ ಪಕ್ಕ ಕೂರುತ್ತೇನೆ. ನಾಳೆ ಏನಾಗುತ್ತದೆಂದು ಬಟ್ಟೆಯ ಗೊಂಬೆಯ ಮೇಲೆ ಮಾಡಿ ತೋರಿಸುತ್ತೇನೆ, ಒಳಗೇ ಇಟ್ಟುಕೊಂಡ ಹೆದರಿಕೆಯನ್ನು ಬಾಯಿಗೆ ಬರಿಸುತ್ತೇನೆ. ನೇಮಕಾತಿ ಪತ್ರದಲ್ಲಿ ಇದಕ್ಕೆ ಮಾರುದ್ದದ ಹೆಸರಿದೆ. ಮಕ್ಕಳು ಆಟದಕ್ಕ ಅನ್ನುತ್ತಾರೆ. ಡಾಕ್ಟರುಗಳಲ್ಲಿ ಒಬ್ಬರಂತೂ ಹನ್ನೊಂದು ವರ್ಷವಾದರೂ ನನ್ನನ್ನು ‘ಆ ಗೊಂಬೆಯವರು’ ಅಂತಲೇ ಕರೆಯುವುದು.

ಮೂರು ವಾರ್ಡು, ಅರವತ್ತು ಹಾಸಿಗೆ, ನಾನೊಬ್ಬಳೇ. ಯಾವ ಮಗುವಿನ ಹತ್ತಿರ ಮೊದಲು ಹೋಗಬೇಕು ಎಂಬುದೇ ದಿನಾ ತಲೆನೋವು. ಅದಕ್ಕೆಂದೇ ಕಳೆದ ವರ್ಷ ಒಂದು ಹಾಳೆ ಮಾಡಿದೆವು. ಹನ್ನೆರಡು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಅಳುತ್ತದೆಯೇ, ಊಟ ಬಿಟ್ಟಿದೆಯೇ, ಜೊತೆಗೆ ಯಾರಿದ್ದಾರೆ, ಹೀಗೆ. ಇಪ್ಪತ್ತು ದಾಟಿದ ಮಗು ಕೆಂಪು, ಹತ್ತು ದಾಟಿದರೆ ಹಳದಿ, ಉಳಿದದ್ದು ಹಸಿರು. ಕೆಂಪಿನ ಹತ್ತಿರ ಓಡಬೇಕು, ಹಸಿರಿಗೆ ಬಿಡುವಾದಾಗ ಹೋದರೆ ಸಾಕು. ಹೆದರಿಕೆಯನ್ನು ತೂಗುವುದೂ ಒಂದೇ, ಕಪ್ಪೆಗಳನ್ನು ತಕ್ಕಡಿಗೆ ಹಾಕುವುದೂ ಒಂದೇ ಎಂದು ಹಿರಿಯ ಸಿಸ್ಟರ್ ಆಗಲೇ ಗೊಣಗಿದ್ದರು. ನಾನು ವಾದ ಮಾಡಿ ಗೆದ್ದಿದ್ದೆ. ಒಂಬತ್ತನೇ ಪ್ರಶ್ನೆಯಂತೂ ನನ್ನದೇ ಕೂಸು: ‘ತನಗೆ ಏನು ಮಾಡಲಿದ್ದಾರೆಂದು ಮಗು ತನ್ನ ಬಾಯಲ್ಲೇ ಹೇಳುತ್ತದೆಯೇ?’ ಹೇಳಿದರೆ ಸೊನ್ನೆ. ಆ ಪ್ರಶ್ನೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಹದಿನಾಲ್ಕನೇ ಹಾಸಿಗೆಯ ಹುಡುಗಿಗೆ ಐದೂವರೆ ವರ್ಷ. ಅರಳು ಹುರಿದ ಹಾಗೆ ಮಾತಾಡುತ್ತಿದ್ದಳೆಂದು ವಾರ್ಡಿನವರೆಲ್ಲ ಅವಳನ್ನು ಅರಳು ಎಂದೇ ಕರೆಯುತ್ತಿದ್ದರು. ಬಲಗಣ್ಣಿನೊಳಗೆ ಗಡ್ಡೆ. ರೆಪ್ಪೆ ಊದಿಕೊಂಡು ಮೂರು ವಾರದಿಂದ ಆ ಕಣ್ಣು ಮುಚ್ಚಿಯೇ ಇತ್ತು. ಗಡ್ಡೆ ಮೆದುಳಿಗೆ ಹಬ್ಬುವ ಮೊದಲು ಇಡೀ ಕಣ್ಣನ್ನೇ ತೆಗೆಯಬೇಕು, ಬೇರೆ ದಾರಿಯಿರಲಿಲ್ಲ. ಆಪರೇಷನ್ನಿನ ಹಿಂದಿನ ಮಧ್ಯಾಹ್ನ ನಾನು ಹಾಳೆ ಹಿಡಿದು ಹೋದೆ. ಮಗಳಿಗೆ ತಾನೇ ಎಲ್ಲ ಹೇಳಿದ್ದೇನೆ ಎಂದು ಅವಳಮ್ಮ ನನ್ನ ಮುಖ ನೋಡದೆ ಅಂದರು. ನಾಳೆ ಏನು ಮಾಡುತ್ತಾರೆ ಹೇಳು ನೋಡೋಣ ಎಂದು ಅರಳುವನ್ನು ಕೇಳಿದೆ.

“ಕಣ್ಣು ತೆಗೀತಾರೆ” ಅಂದಳು, ಮಂಚದ ಅಂಚಿನಲ್ಲಿ ಕಾಲು ಆಡಿಸುತ್ತಾ.

ತನ್ನ ಬಾಯಲ್ಲೇ ಹೇಳಿದಳು. ಸೊನ್ನೆ. ಅಳುವಿಲ್ಲ, ಸೊನ್ನೆ. ಒಟ್ಟು ಆರು, ಹಸಿರು. ಎಂಥ ಗಟ್ಟಿ ಮಗು ಎಂದು ಹೊಗಳಿ ಐದೇ ನಿಮಿಷಕ್ಕೆ ಎದ್ದುಬಂದೆ. ಮನೆಗೆ ಹೋಗಿ ಚೆನ್ನಾಗಿ ನಿದ್ದೆಯನ್ನೂ ಮಾಡಿದೆ. ಆ ನಿದ್ದೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಅದೇ ವಾರ್ಡು ಹಾದು ಮೆಟ್ಟಿಲಿನ ಕಡೆ ಹೊರಟಿದ್ದೆ. ಕೆಳಗಿನ ಮಹಡಿಯಲ್ಲಿ ಇಪ್ಪತ್ತನಾಲ್ಕು ಅಂಕದ ಕೆಂಪು ಮಗುವೊಂದಿತ್ತು. ಒಂಬತ್ತಕ್ಕೆ ಅದರ ಬೆನ್ನುಮೂಳೆಗೆ ಸೂಜಿ. ಕಿರಿಯ ಸಿಸ್ಟರ್ ಅರಳುವಿನ ಹಾಸಿಗೆಯ ಹತ್ತಿರ ಹನಿ ಔಷಧಿ ಹಿಡಿದು ನಿಂತಿದ್ದಳು. ಎಲ್ಲಿ, ಕಣ್ಣು ತೆಗಿ ಪುಟ್ಟಾ ಎಂದು ಅವಳು ಹೇಳಿದ್ದು ನನ್ನ ಕಿವಿಗೆ ಬಿತ್ತು. ಅದರ ಹಿಂದೆಯೇ ಅರಳುವಿನ ಉತ್ತರ.

“ಈ ಕಣ್ಣು ನಾನೇ ತೆಗೀತೀನಿ. ಆ ಕಣ್ಣನ್ನ ಡಾಕ್ಟರ್ ತೆಗೀತಾರೆ ಇವತ್ತು. ಆಮೇಲೆ ಎರಡೂ ತೆಕ್ಕೊಂಡು ನೋಡ್ತೀನಿ.”

ಬೆಳಗಿನಿಂದ ಸಂಜೆಯವರೆಗೆ ಈ ವಾರ್ಡಿನಲ್ಲಿ ಮಕ್ಕಳು ಕೇಳುವುದು ಎರಡೇ ಮಾತು: ಬಾಯಿ ತೆಗಿ, ಕಣ್ಣು ತೆಗಿ. ತೆಗೆಯುವುದು ಎಂದರೆ ಅವಳ ಪಾಲಿಗೆ ಬಿಡಿಸುವುದು. ಮುಚ್ಚಿಹೋದ ಕಣ್ಣನ್ನು ಡಾಕ್ಟರು ಬಿಡಿಸಿಕೊಡುತ್ತಾರೆಂದು ಅವಳು ಖುಷಿಯಲ್ಲಿದ್ದಳು. ಆ ಖುಷಿಗೆ ನಾನು ಹಸಿರು ಬಳಿದಿದ್ದೆ.

ಟ್ರಾಲಿ ಬರುವುದಕ್ಕೆ ಒಂದು ಗಂಟೆ ಹತ್ತು ನಿಮಿಷ. ಫೋಟೋ ತೆಗೆಸಿಕೊಂಡು ಬರೋಣ ಎಂದು ನಂಬಿಸಿ ಒಳಗೆ ಕರೆದೊಯ್ದ ಮಗುವೊಂದು ಕಾಲಿಲ್ಲದೆ ಎಚ್ಚರಗೊಂಡದ್ದನ್ನು ನಾನು ಕಂಡಿದ್ದೇನೆ. ಅದು ಐದು ತಿಂಗಳು ಯಾರ ಜೊತೆಗೂ ಮಾತಾಡಲಿಲ್ಲ. ನೀರು ಕೊಟ್ಟರೂ ಮೂಸಿ ನೋಡಿ ಕುಡಿಯುತ್ತಿತ್ತು. ಅರಳುವಿಗೆ ಇನ್ನೂ ಆರು ತಿಂಗಳ ಔಷಧಿ, ಲೆಕ್ಕವಿಲ್ಲದಷ್ಟು ಸೂಜಿ ಬಾಕಿ ಇತ್ತು. ಅಷ್ಟನ್ನೂ ಯಾರನ್ನೂ ನಂಬದೆ ಅವಳು ದಾಟಬೇಕಾಗುತ್ತಿತ್ತು.

ಅವಳಮ್ಮನನ್ನು ಹೊರಗಿನ ಓಣಿಗೆ ಕರೆದೆ. ಮಗು ತಪ್ಪು ತಿಳಿದುಕೊಂಡಿದೆ ಎಂದೆ. ಆಕೆ ಗಾಬರಿಯಾಗಲಿಲ್ಲ. ಅದನ್ನು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು.

“ಗೊತ್ತು” ಅಂದರು. “ಕಣ್ಣು ತೆಗೀತಾರೆ ಕಂದ ಅಂದೆ. ಅವಳು ನಕ್ಕುಬಿಟ್ಟಳು. ಎಷ್ಟು ದಿನ ಆಗಿತ್ತು ಗೊತ್ತಾ ಅವಳು ಹಾಗೆ ನಕ್ಕು? ಆಮೇಲೆ ನನ್ನ ಕೈಲಿ ಆಗಲಿಲ್ಲ. ನಿಮ್ಮ ದಮ್ಮಯ್ಯ ಮೇಡಂ, ನೀವು ಬಾಯಿ ತೆಗೀಬೇಡಿ. ನಗ್ತಾ ಹೋಗಲಿ.”

ಅಷ್ಟರಲ್ಲಿ ಹಿರಿಯ ಸಿಸ್ಟರ್ ಬಂದರು. ಕೆಳಗಿನಿಂದ ಎರಡು ಸಲ ಫೋನ್ ಬಂತಂತೆ, ಕೆಂಪು ಮಗು ಆಗಲೇ ಕಿರುಚತೊಡಗಿದೆಯಂತೆ, ಹಸಿರು ಮಗುವಿನ ಹತ್ತಿರ ಇವರಿಗೇನು ಕೆಲಸ ಎಂದು ಡಾಕ್ಟರು ಕೇಳುತ್ತಿದ್ದಾರಂತೆ. ಹಾಳೆ ತಪ್ಪು, ತುಂಬಿದ ನಾನೂ ತಪ್ಪು ಎಂದೆ. ನಾನು ಹೇಳಿದ್ದೆ ಅಲ್ಲವೇ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಒಮ್ಮೆ ಅರಳುವಿನ ಕಡೆ ನೋಡಿ, ನನ್ನ ಕಂಕುಳಲ್ಲಿದ್ದ ಗೊಂಬೆಯನ್ನು ಕಿತ್ತುಕೊಂಡು, ಮಂಡಿನೋವಿನ ಕಾಲು ಎಳೆಯುತ್ತಾ ತಾವೇ ಮೆಟ್ಟಿಲಿಳಿದರು.

ನಾನು ಅಮ್ಮನ ಕಡೆ ತಿರುಗಿದೆ. “ಎಚ್ಚರ ಆದಾಗ ಅವಳು ಮೊದಲು ಕೇಳೋದು ನಿಮ್ಮನ್ನೇ. ಆಗ ಏನು ಹೇಳ್ತೀರಿ?”

ಆಕೆ ಗೋಡೆಗೆ ಒರಗಿದರು. ನನಗೆ ಕೈಗಡಿಯಾರ ನೋಡುವ ಧೈರ್ಯವೂ ಇರಲಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ನಡೆದರು. ನಾನು ಹಿಂದೆ ಹೋದೆ.

ಅರಳುವಿನ ಮುಂದೆ ಕುಳಿತು ಅವಳ ಎರಡೂ ಪಾದ ಹಿಡಿದುಕೊಂಡು ಹೇಳಿದರು: “ತೆಗೆಯೋದು ಅಂದ್ರೆ ಬಿಡಿಸೋದಲ್ಲ ಕಂದ. ಆ ಕಣ್ಣನ್ನೇ ಹೊರಗೆ ತೆಗೆದುಬಿಡ್ತಾರೆ. ಅದರೊಳಗೆ ಕೆಟ್ಟ ಗಡ್ಡೆ ಇದೆ. ಬಿಟ್ಟರೆ ಅದು ನಿನ್ನ ಉಳಿಸಲ್ಲ.”

“ಮತ್ತೆ ವಾಪಸ್ ಹಾಕ್ತಾರಾ?”

“ಇಲ್ಲ.”

ಅರಳು ಎಡಗೈಯಿಂದ ಒಳ್ಳೆಯ ಕಣ್ಣನ್ನು ಮುಚ್ಚಿಕೊಂಡಳು. ಬಲಗೈಯ ಎರಡು ಬೆರಳಿನಿಂದ ಊದಿದ ರೆಪ್ಪೆಯನ್ನು ಮೆಲ್ಲನೆ ಮೇಲೆತ್ತಿದಳು. ಅವಳಮ್ಮ ಗೇಣು ದೂರದಲ್ಲಿದ್ದರು.

“ಅಮ್ಮ, ಎಲ್ಲಿದ್ದೀಯ?”

ಆಕೆ ಮಗಳ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡರು.

ಆಗ ಶುರುವಾಯಿತು. ವಾರ್ಡಿನ ಮಕ್ಕಳೆಲ್ಲ ಎದ್ದು ಕೂರುವಂತೆ ಕಿರುಚಿದಳು. ಅಮ್ಮನಿಗೆ ಒದ್ದಳು, ಸುಳ್ಳಿ ಅಂದಳು, ತಡೆಯಹೋದ ನನ್ನ ಮಣಿಕಟ್ಟು ಕಚ್ಚಿದಳು. ನಗುತ್ತಿದ್ದ ಮಗುವಿಗೆ ನಾನು ಇದೇನು ಮಾಡಿದೆ? ಹಾಳೆ ಹೇಳಿದಂತೆ ಕೆಳಗೆ ಹೋಗಿದ್ದರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ಕಿರಿಯ ಸಿಸ್ಟರ್ ನನ್ನನ್ನು ನೋಡುತ್ತಿದ್ದ ರೀತಿಗೆ ನಾನು ಕಣ್ಣು ಕೆಳಗೆ ಹಾಕಿದೆ. ಆದರೂ ಸುಮ್ಮನಿರು ಎಂದು ಅವಳಿಗೆ ಯಾರೂ ಹೇಳದಂತೆ ತಡೆದೆ.

ಟ್ರಾಲಿ ಬಂದಾಗ ಅವಳ ಗಂಟಲು ಕಟ್ಟಿತ್ತು. ಟ್ರಾಲಿ ಹತ್ತಲಿಲ್ಲ. ಒದ್ದ ಅಮ್ಮನ ಕುತ್ತಿಗೆಯನ್ನೇ ಬಿಗಿಯಾಗಿ ತಬ್ಬಿಕೊಂಡು ಓಣಿ ಉದ್ದಕ್ಕೂ ಹೋದಳು. ಆಪರೇಷನ್ ಕೋಣೆಯ ಬಾಗಿಲಿನಾಚೆ ಅಮ್ಮನಿಗೆ ಪ್ರವೇಶವಿರಲಿಲ್ಲ. ಅಲ್ಲಿಂದ ನಾನು ಎತ್ತಿಕೊಂಡೆ. ಹಗುರವಾಗಿದ್ದಳು. ಗಟ್ಟಿಯಾಗಿ ಅಪ್ಪಿಕೊಂಡೆ.

ಒಳಗೆ ಅರಿವಳಿಕೆ ಕೊಡುವ ಡಾಕ್ಟರು ಒಳ್ಳೆಯ ಮನುಷ್ಯ. ಮಾಸ್ಕ್ ಹಿಡಿದು ಬಗ್ಗಿ, ಹೆದರಬೇಡ ಪುಟ್ಟಾ, ಏನೂ ಆಗೋದೇ ಇಲ್ಲ ಎಂದರು. ಅರಳು ಅವರನ್ನು ನೋಡಲಿಲ್ಲ. ತಲೆ ಹೊರಳಿಸಿ ನನ್ನನ್ನು ನೋಡಿದಳು.

“ನಿಜಾನಾ ಆಟದಕ್ಕ?”

ಅಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಹೌದು ಎಂದುಬಿಡು ಎನ್ನುವಂತೆ ಡಾಕ್ಟರು ಹುಬ್ಬೆತ್ತಿದರು.

“ಈಗ ನೋವಾಗಲ್ಲ” ಎಂದೆ. “ಎದ್ದ ಮೇಲೆ ನೋವಾಗುತ್ತೆ. ಆ ಕಣ್ಣು ಇರಲ್ಲ. ಅಮ್ಮ ಪಕ್ಕದಲ್ಲೇ ಇರ್ತಾಳೆ.”

ಅವಳ ಗಲ್ಲ ಅದುರಿತು. ಹೂಂ ಎಂದು ತಾನೇ ಮಲಗಿದಳು. ಮಾಸ್ಕ್ ಮುಖಕ್ಕೆ ಬಂದಾಗ ನನ್ನ ಹೆಬ್ಬೆರಳು ಹಿಡಿದುಕೊಂಡಳು. ನಿದ್ದೆ ಹತ್ತುವವರೆಗೂ ನನ್ನಿಂದ ಕಣ್ಣು ಕೀಳಲಿಲ್ಲ.