ಫ್ಯಾಮಿಲಿ ರೂಮಿನಲ್ಲಿ ಮಂಗಳವಾರ

ಬೆನಕಪ್ಪನವರ ಮನೆಯಲ್ಲಿ ಅಡುಗೆಗೆ ಉಪ್ಪು ಹಾಕುವುದು ನಿಂತು ವರ್ಷವಾಗುತ್ತ ಬಂದಿತ್ತು.

ದಾವಣಗೆರೆಯ ಡಾಕ್ಟರು ಬಿ.ಪಿ. ಎಂದು ಉಪ್ಪು ಬಿಡಿಸಿದ್ದು ಬೆನಕಪ್ಪನವರೊಬ್ಬರಿಗೆ. ಅವರ ಹೆಂಡತಿ ಕೊಟ್ರಬಸಮ್ಮ ಆ ಮಾತನ್ನು ಇಡೀ ಮನೆಗೆ ಹಂಚಿಬಿಟ್ಟರು. "ಮನಿ ಯಜಮಾನ ಸಪ್ಪಂದು ಉಣ್ಣೋವಾಗ ನಾವು ಉಪ್ಪು ಹಾಕ್ಕೊಂಡು ಉಂಡ್ರ ಆ ಅನ್ನ ಮೈಗೆ ಹತ್ತತೈತೇನು?" ಎಂದರು. ಮಗ ಅರುಣಕುಮಾರ ಎದುರು ಹೇಳಲಿಲ್ಲ. ಹಗರಿಬೊಮ್ಮನಹಳ್ಳಿಯ ಬಜಾರಿನಲ್ಲಿ ಅಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲೇ ಕೂರುವವನು ಅವನು. ಅಪ್ಪನಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಎದುರು ಹೇಳದೆ ಇದ್ದು ರೂಢಿಯಾಗಿತ್ತು. ಮನೆಯಲ್ಲೂ ಅದನ್ನೇ ಮುಂದುವರಿಸಿದ.

ವೈಶಾಖದಲ್ಲಿ ಮದುವೆಯಾಗಿ ಚಿಗಟೇರಿಯಿಂದ ಬಂದ ಶೈಲಾಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ದಿನ ಅತ್ತೆ ಮರೆತಿದ್ದಾರೆ ಅಂದುಕೊಂಡಳು. ಎರಡನೆಯ ದಿನ ಇದು ಹೊಸ ಸೊಸೆಗೆ ಇಟ್ಟ ಪರೀಕ್ಷೆ ಇರಬೇಕು ಅನ್ನಿಸಿ, ಮುಖ ಸಿಂಡರಿಸದೆ ಉಂಡಳು. ಆಮೇಲೆ ಮಹಡಿಯ ಮೇಲೆ ಬಟ್ಟೆ ಹರವುವಾಗ ಗಂಡನನ್ನು ಹಿಡಿದು ಕೇಳಿದಳು.

"ನಿಮ್ಮ ಮನೆಗೆ ಏನಾರ ಹರಕೆ ಐತೇನ್ರಿ?"

ವಿಷಯ ತಿಳಿದ ಮೇಲೆ ಅವಳು ಸುಮ್ಮನಾದಳು. ಸುಮ್ಮನಾಗದೇ ಹೋದದ್ದು ಶನಿವಾರಗಳ ವಿಷಯಕ್ಕೆ. ಶನಿವಾರ ಸಂಜೆ ಅರುಣಕುಮಾರ ಗೆಳೆಯರ ಜೊತೆ ಕೂಡ್ಲಿಗಿ ರಸ್ತೆಯ ಮಧುವನ ಬಾರ್ ಅಂಡ್ ರೆಸ್ಟೋರೆಂಟಿಗೆ ಹೋಗಿ ಒಂದು ಬೀರು ಕುಡಿದು, ಅಲ್ಲಿಯ ದಾಲ್ ಫ್ರೈ ಮತ್ತು ಜೀರಾ ರೈಸ್ ಉಂಡು ಬರುತ್ತಿದ್ದ. ಮನೆಯಲ್ಲಿ ಎರಡನೆಯ ಸಲ ಉಣ್ಣುವಾಗ ಅವನ ಮುಖದ ಮೇಲೆ ಒಂದು ತೃಪ್ತಿ ಇರುತ್ತಿತ್ತು. ಸಪ್ಪೆ ಸಾರಿಗೆ ಅಂಥ ಮುಖ ಸಾಧ್ಯವೇ ಇಲ್ಲ ಎಂಬುದು ಶೈಲಾಗೆ ಕೂಡಲೇ ಹೊಳೆಯಿತು.

"ಬೀರು ಕುಡೀರಿ, ನಾನು ಬ್ಯಾಡ ಅನ್ನಲ್ಲ," ಅಂದಳು. "ನಿಮ್ಮ ಕೈ ಮೂಸಿ ನೋಡೀನಿ. ಬೆಳ್ಳುಳ್ಳಿ ಒಗ್ಗರಣೆ, ಒಣಮೆಣಸಿನಕಾಯಿ, ತುಪ್ಪ. ಇದನ್ನ ಒಬ್ಬರೇ ಉಂಡು ಬರ್ತೀರಲ್ರೀ, ಹೆಂಡ್ತಿ ಅಂತ ಒಬ್ಬಳು ಇದಾಳೆ ಅನ್ನೋದು ನೆನಪಾಗಲ್ವಾ?"

"ಅದು ಬಾರ್ ಮಾರಾಯ್ತಿ."

"ಬೋರ್ಡ್ ಮ್ಯಾಲೆ ಫ್ಯಾಮಿಲಿ ರೂಮು ಅಂತ ಬರ್ದೈತೆ. ಬಸ್ಸಿನಾಗ ಬರೋವಾಗ ಓದೀನಿ. ನಾವು ಫ್ಯಾಮಿಲಿ ಅಲ್ವಾ?"

ಆಷಾಢ ಹತ್ತಿರ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರುವಂತಿಲ್ಲ. ಬುಧವಾರ ಬೆಳಿಗ್ಗೆ ಕರೆದೊಯ್ಯಲು ಅವಳ ಅಣ್ಣ ಬರುವವನಿದ್ದ. ಶೈಲಾ ಟ್ರಂಕಿಗೆ ಸೀರೆ ಮಡಚಿಡುತ್ತ ಗಡುವು ಕೊಟ್ಟಳು. "ಹೋಗೋದರೊಳಗೆ ಒಂದೇ ಒಂದು ಊಟ, ಉಪ್ಪು ಹಾಕಿದ್ದು. ಇಲ್ಲಾಂದ್ರೆ ನಮ್ಮವ್ವನ ಸಾರು ಒಂದು ತಿಂಗಳು ಉಂಡ ಮ್ಯಾಲೆ ಶ್ರಾವಣಕ್ಕೆ ವಾಪಸ್ ಬರ್ತೀನಿ ಅಂತ ಮಾತು ಕೊಡಕಾಗಲ್ಲ ನೋಡ್ರಿ."

ನಗುತ್ತಲೇ ಹೇಳಿದ್ದಳು. ಅದರಲ್ಲಿ ಅರ್ಧ ತಮಾಷೆ, ಅರ್ಧ ನಿಜ. ಯಾವ ಅರ್ಧ ಯಾವುದೆಂದು ಗೊತ್ತಾಗದೆ ಅರುಣಕುಮಾರ ಇಡೀ ದಿನ ಗಿರಾಕಿಗಳಿಗೆ ಜೋಳದ ಬೀಜದ ಬದಲು ಸೂರ್ಯಕಾಂತಿ ಬೀಜ ಕೊಟ್ಟ. ಕೊನೆಗೆ ಮಾತು ಕೊಟ್ಟ. ಮಂಗಳವಾರ. ಅಂದು ಅಂಗಡಿಗೆ ರಜೆ. ಅಪ್ಪ ಸಂಜೆ ಮಠದಲ್ಲಿ ಪುರಾಣ ಕೇಳಲು ಹೋಗುತ್ತಾರೆ, ಕತ್ತಲಾದ ಮೇಲೇ ಬರುವುದು. ಮಂಗಳವಾರದಷ್ಟು ಸುರಕ್ಷಿತ ದಿನ ಇನ್ನೊಂದಿರಲಿಲ್ಲ.

ಅತ್ತೆಗೆ ಟೈಲರ್ ಅಂಗಡಿಯಿಂದ ಬ್ಲೌಸ್ ತರುವುದಾಗಿ ಹೇಳಿ ಹೊರಟರು.

ಮಧುವನದ ಬೋರ್ಡಿನ ಮೇಲೆ ದೊಡ್ಡದೊಂದು ದ್ರಾಕ್ಷಿ ಗೊಂಚಲು ಬರೆದಿತ್ತು. ಒಳಗೆ ದ್ರಾಕ್ಷಿಗೆ ಸಂಬಂಧಪಟ್ಟದ್ದು ಗಲ್ಲಾಪೆಟ್ಟಿಗೆಯ ಹಿಂದಿನ ಒಂದೇ ಒಂದು ವೈನ್ ಬಾಟಲಿ. ಅದನ್ನು ಯಾರೂ ಕೊಂಡಿರಲಿಲ್ಲ. ಮಾಲೀಕರು ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ ಹಾಕಿ, ದಿನಾ ದೇವರ ಫೋಟೋಕ್ಕೆ ಊದುಬತ್ತಿ ತೋರಿಸುವಾಗ ಅದಕ್ಕೂ ತೋರಿಸುತ್ತಿದ್ದರು. ಮುಂದಿನ ಹಾಲ್ ಕುಡಿಯುವವರದು. ಫ್ಯಾಮಿಲಿ ರೂಮುಗಳು ಹಿಂದಿನ ಓಣಿಗೆ ತೆರೆಯುತ್ತಿದ್ದವು. ಪ್ಲೈವುಡ್ ಅಡ್ಡ ಹಾಕಿ ಮಾಡಿದ ಗೂಡುಗಳು ಅವು. ಬಾಗಿಲಿಗೆ ಮೊಣಕಾಲ ಹತ್ತಿರ ನಿಂತುಬಿಡುವ ಹಸಿರು ಪರದೆ.

ಅಲ್ಲಿಯ ಪದ್ಧತಿಯೇ ಬೇರೆ. ಕುಡಿಯುವವರು ಚಪ್ಪಲಿ ಮೆಟ್ಟಿ ಕೂತರೆ ಯಾರೂ ಕೇಳುವುದಿಲ್ಲ, ಆದರೆ ಅನ್ನದ ಮುಂದೆ ಮೆಟ್ಟಿ ಕೂರಲು ಈ ಕಡೆಯವರಿಗೆ ಮನಸ್ಸು ಬರುವುದಿಲ್ಲ. ಉಣ್ಣಲು ಬಂದವರು ಪರದೆಯ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದರು. ಬಾರಿನವರು ಪರದೆ ಎತ್ತುತ್ತಿರಲಿಲ್ಲ, ಹೆಸರು ಕರೆಯುತ್ತಿರಲಿಲ್ಲ. ಯಾವ ತಾಟು ಯಾರಿಗೆ ಎಂದು ಹೊರಗಿನ ಚಪ್ಪಲಿ ನೋಡಿಯೇ ಗುರುತು ಹಿಡಿಯುತ್ತಿದ್ದರು.

ಅರುಣಕುಮಾರ ಚಪ್ಪಲಿ ಬಿಟ್ಟು ಮೊದಲ ರೂಮು ಹೊಕ್ಕ. ಮದುವೆಗೆಂದು ಬಸ್‌ಸ್ಟ್ಯಾಂಡಿನ ಮಾರಣ್ಣ ಹೊಲಿದುಕೊಟ್ಟ ಚಪ್ಪಲಿ, ಹೆಬ್ಬೆರಳಿನ ಉಂಗುರಕ್ಕೆ ಹಿತ್ತಾಳೆಯ ಗುಂಡಿ. ಶೈಲಾ ತನ್ನವನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದು ಮೂಲೆಯಲ್ಲಿ ಮಗುಚಿಟ್ಟಳು. "ಹೊಸವು ಕಣ್ರಿ. ಕುಡಿದೋರು ಯಾರಾರ ಮೆಟ್ಕೊಂಡು ಹೋದ್ರೆ?"

"ನಿನ್ನ ಕಾಲಿನ ಅಳತಿಗೆ ಯಾವ ಕುಡುಕ ಅದಾನ?"

ಹೊರಗೆ ಒಬ್ಬರು ಕೆಮ್ಮಿದರು. ಅದು ಗಾದೆಪ್ಪ, ಶನಿವಾರಗಳಲ್ಲಿ ಹಾಲ್‌ನಲ್ಲಿ ಅವನಿಗೆ ಬಡಿಸುವವರು. ಮೀಸೆ ಬೆಳ್ಳಗಾದ ಹಿರಿಯ. ಅವರ ಹೆಂಡತಿ ಪಕ್ಕೀರಮ್ಮ ಬೆನಕಪ್ಪನವರ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದಳು.

"ಏನು ಬೇಕ್ರಿ?"

"ಎರಡು ದಾಲ್ ಫ್ರೈ, ಎರಡು ಜೀರಾ ರೈಸ್, ಗಾದೆಪ್ಪಣ್ಣ."

ಪರದೆಯ ಕೆಳಗೆ ಕಾಣುತ್ತಿದ್ದ ಕಾಲುಗಳು ಒಂದು ಹೆಜ್ಜೆ ಹಿಂದೆ ಸರಿದವು. "ಅರುಣಪ್ಪ ಅಲ್ರಿ? ಇವತ್ತು ಶನಿವಾರ ಅಲ್ಲಲ್ರಿ, ಮಂಗಳವಾರ."

"ಮಂಗಳವಾರ ಉಣ್ಣಬಾರದೇನು?"

"ಉಣ್ರಿ, ಉಣ್ರಿ. ಯಾರು ಬ್ಯಾಡಂತಾರ. ಜಲ್ದಿ ಉಂಡು ಹೋದ್ರ ಚಲೋ." ಗಾದೆಪ್ಪ ಓಣಿಯತ್ತ ಒಮ್ಮೆ ನೋಡಿ, ಅಡುಗೆಮನೆಗೆ ಕೂಗಿ ಹೇಳಿ, ಹಾಲ್‌ನಲ್ಲಿ ಯಾರೋ ಗ್ಲಾಸು ಒಡೆದ ಸದ್ದಿಗೆ ಆ ಕಡೆ ಓಡಿದರು.

ಶೈಲಾ ಸುತ್ತ ನೋಡಿದಳು. ಪ್ಲೈವುಡ್ಡಿನ ಮೇಲೆ ಹಿಮದ ಬೆಟ್ಟವೊಂದರ ಹಳೆಯ ಕ್ಯಾಲೆಂಡರ್, ಮೇಜಿನ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದ ಗುರುತು, ಮೇಲೆ ತಲೆಯಲ್ಲಾಡಿಸುತ್ತ ತಿರುಗುವ ಫ್ಯಾನು. ಹಾಲ್‌ನಿಂದ ನಗು, ಬಾಟಲಿಯ ಸದ್ದು, ಕ್ಯಾಸೆಟ್ಟಿನ ಹಾಡು ತುಂಡುತುಂಡಾಗಿ ಬರುತ್ತಿದ್ದವು. ಎಲ್ಲಕ್ಕಿಂತ ಮೇಲೆ ಬೆಳ್ಳುಳ್ಳಿಯ ವಾಸನೆ. ಅವಳು ಕಣ್ಣು ಮುಚ್ಚಿ ಮೂಸಿದಳು.

"ಎಷ್ಟು ಚಂದ ಐತ್ರೀ ಇಲ್ಲಿ. ನೀವು ಗಂಡಸರು ಇದನ್ನ ಕೆಟ್ಟ ಜಾಗ ಅಂತ ಸುಮ್ನೆ ಸುದ್ದಿ ಹಬ್ಬಿಸೀರಿ, ನಾವು ಬರದಿರಲಿ ಅಂತ."

ಪಕ್ಕದ ರೂಮಿಗೆ ಯಾರೋ ಬಂದು ಕುರ್ಚಿ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಪರದೆಯ ಸಂದಿಯಿಂದ ಒಂದು ಕೈ ಒಳಗೆ ಬಂತು. ಗಾದೆಪ್ಪನವರದಲ್ಲ, ಮೊಣಕೈವರೆಗೆ ಹಿಟ್ಟು ಮೆತ್ತಿದ ಅಡುಗೆಯ ಹುಲುಗಣ್ಣನ ಕೈ. ಅದು ಒಂದು ತಾಟು ಇಟ್ಟು, "ಉಣ್ರಿ" ಎಂದು ಹೊರಟುಹೋಯಿತು.

"ಮೊದಲು ನೀನು," ಎಂದು ಅರುಣಕುಮಾರ ತಾಟನ್ನು ಅವಳ ಕಡೆ ಸರಿಸಿದ. ಕೊಟ್ಟ ಮಾತು ನಡೆಸಿದ ಗಂಡಸಿನ ಠೀವಿ ಅವನ ಬೆನ್ನಿಗೆ ಬಂದಿತ್ತು.

ಶೈಲಾ ಅನ್ನಕ್ಕೆ ದಾಲ್ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅಗಿಯುವುದು ನಿಧಾನವಾಯಿತು. ಕಣ್ಣು ತೆರೆದು ಗಂಡನನ್ನೇ ನೋಡಿದಳು.

"ಏನಾತು?"

"ಬೆಳ್ಳುಳ್ಳಿ ಐತೆ. ಖಾರ ಐತೆ. ನಿಂಬೆಹುಳಿ ಐತೆ." ತುತ್ತು ನುಂಗಿದಳು. "ಉಪ್ಪಿಲ್ಲ."

"ಹುಚ್ಚಿ." ಅವನು ಬೆರಳಲ್ಲಿ ಅದ್ದಿ ನೆಕ್ಕಿದ. ಒಂದು ಹರಳೂ ಇರಲಿಲ್ಲ.

ಶೈಲಾ ಅಳಬೇಕೋ ನಗಬೇಕೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನ್ನ ಹಣೇಲೇ ಬರ್ದಿಲ್ಲ ಬಿಡ್ರಿ. ನಿಮ್ಮ ಮನೆ ಹೊಸಲು ದಾಟಿ ಬಾರಿಗೆ ಬಂದ್ರೂ ಸಪ್ಪೆ ನನ್ನ ಹಿಂದೇನೇ ಬಂತು."

ಅಷ್ಟರಲ್ಲಿ ಪ್ಲೈವುಡ್ಡಿನ ಆಚೆಯಿಂದ ಒಂದು ದನಿ ಸಿಡಿಯಿತು.

"ಏ ಹುಲುಗಣ್ಣ! ಏನಪಾ ಇದು? ಸಮುದ್ರದಾಗ ಅದ್ದಿ ತಂದಿಯೇನು? ಬಾಯಾಗ ಇಡಾಕ ಬರವಲ್ದು!"

ಅರುಣಕುಮಾರನ ಬೆನ್ನಿನ ಠೀವಿ ಇಳಿಯಿತು. ಅಂಗಡಿಯಲ್ಲಿ ದಿನವಿಡೀ ಕೇಳುವ ದನಿ. ಅವನು ಬಗ್ಗಿ ಪರದೆಯ ಕೆಳಗಿನಿಂದ ನೋಡಿದ. ಪಕ್ಕದ ರೂಮಿನ ಮುಂದೆ ಇನ್ನೊಂದು ಜೊತೆ ಚಪ್ಪಲಿ, ಹಿತ್ತಾಳೆಯ ಗುಂಡಿ. ಮದುವೆಗೆ ಮಾರಣ್ಣನ ಹತ್ತಿರ ಅಪ್ಪ-ಮಗ ಇಬ್ಬರೂ ಒಂದೇ ಅಳತೆಯ, ಒಂದೇ ನಮೂನೆಯ ಜೋಡಿ ಹೊಲಿಸಿಕೊಂಡಿದ್ದರು. ಈಗ ಎಲ್ಲ ತಿಳಿಯಿತು. ಇಲ್ಲಿ ಹಿತ್ತಾಳೆ ಗುಂಡಿಯ ಚಪ್ಪಲಿ ಅಂದರೆ ಅಪ್ಪ, ಅಪ್ಪನಿಗೆ ಉಪ್ಪಿಲ್ಲದ ತಾಟು. ಓಣಿಯಲ್ಲಿ ಮೊದಲು ಕಂಡ ಗುಂಡಿಯ ಮುಂದೆ ಹುಲುಗಣ್ಣ ಅದನ್ನು ಇಟ್ಟು ಹೋಗಿದ್ದ.

"ಎದ್ದೇಳು," ಅವನು ಪಿಸುಗುಟ್ಟಿದ. "ಓಣಿಗುಂಟ ಹೋಗಿಬಿಡೋಣ. ಚಪ್ಪಲಿ ಇಲ್ಲೇ ಇರಲಿ."

ಶೈಲಾ ಏಳಲಿಲ್ಲ. ಪಕ್ಕದ ದನಿ ಯಾರದೆಂದು ಅವಳಿಗೂ ಗೊತ್ತಾಗಿತ್ತು. ಭುಜಗಳು ನಗುವಿಗೆ ಕುಣಿಯುತ್ತಿದ್ದವು. ಆದರೂ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡಿದ್ದಳು. "ನನ್ನ ಊಟ ಆ ಕಡೆ ಐತೆ," ಅಂದಳು. "ನಾಳೆ ಬೆಳಿಗ್ಗೆ ನಮ್ಮಣ್ಣ ಬರ್ತಾನೆ."

ಅರುಣಕುಮಾರ ಅವಳನ್ನು ನೋಡಿದ, ಪ್ಲೈವುಡ್ಡನ್ನು ನೋಡಿದ. ಆಮೇಲೆ ಮೇಜಿನ ಮೇಲಿನ ತಾಟು ಎತ್ತಿಕೊಂಡು, ಬರಿಗಾಲಲ್ಲಿ ಹೊರಗೆ ಹೋಗಿ ಪಕ್ಕದ ಪರದೆ ಸರಿಸಿದ.

ಬೆನಕಪ್ಪನವರು ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು, ಧೋತರ ಮೇಲೆತ್ತಿ, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಾಯಿ ತೆರೆದವರು ಮುಚ್ಚಲಿಲ್ಲ.

"ಅಪ್ಪಾ," ಅಂದ ಮಗ, "ಇದು ನಿಮ್ಮ ತಾಟು. ನಮ್ಮದು ಕೊಡ್ರಿ."

ಬೆನಕಪ್ಪನವರು ಮಡಚಿದ ಕಾಲು ಇಳಿಸಿ ಧೋತರ ಸರಿಮಾಡಿಕೊಂಡರು.

"ನಮ್ಮದು ಅಂದ್ರ?"

"ನಂದು, ಶೈಲಾಂದು."

"ಸೊಸಿ ಎಲ್ಲ್ಯದಾಳ?"

"ಪಕ್ಕದ ರೂಮಿನ್ಯಾಗ್ರಿ."

ಬೆನಕಪ್ಪನವರ ದನಿ ಮರಳಿ ಬಂತು. "ಒಬ್ಬಾಕಿನ್ನ ಬಿಟ್ಟು ಬಂದಿಯೇನಲೇ ಬಾರಿನ್ಯಾಗ? ಬುದ್ಧಿ ಐತಿಲ್ಲ ನಿನಗ? ಹೋಗು, ಮೊದಲು ಹೋಗು!" ತಾಟನ್ನು ಅವನ ಕೈಗೆ ತುರುಕಿದರು. "ಒಂದು ತುತ್ತು ಈ ಕಡಿ ತುದಿಗೆ ತೊಗೊಂಡೀನಿ. ಆ ಕಡಿಯಿಂದ ಉಣ್ಣಾಕ ಹೇಳು."

ಅವನು ತಾಟು ತಂದಿಟ್ಟ. ಶೈಲಾ ಮಾವನ ದನಿ ಕೇಳುತ್ತಿದ್ದಂತೆ ಎದ್ದು ನಿಂತು ಸೆರಗು ಹೊದ್ದಿದ್ದಳು. ಆಚೆಯಿಂದ ಮತ್ತೆ ಮಾತು ಬಂತು, ಈ ಸಲ ತಗ್ಗಿದ ದನಿ.

"ನಿಂತಿ ಏನವ್ವ? ಕುಂದ್ರು. ನಡುವ ಹಲಗಿ ಐತಿ, ನಾನೇನು ನೋಡಂಗಿಲ್ಲ. ಉಣ್ಣು."

ಅಷ್ಟರಲ್ಲಿ ಅರುಣಕುಮಾರನ ತಾಟೂ ಬಂತು. ಅವಳು ಕೂತು ಉಂಡಳು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಮೂರನೆಯದಕ್ಕೆ ಗಂಡ ಎದುರಿಗಿದ್ದಾನೆಂಬುದನ್ನೇ ಮರೆತಳು.

"ಉಪ್ಪು ಸರಿ ಐತೇನವ್ವ?" ಹಲಗೆ ಕೇಳಿತು.

"ಐತ್ರಿ, ಮಾವಾರೆ."

"ನನಗ ಜಾಸ್ತಿ ಆತು ನೋಡು. ನಾಲಿಗಿ ಸುಟ್ಟಂಗಾತು. ವಾರಾ ವಾರಾ ಬರ್ತೀನಿ, ಹಿಂಗ ಹಾಕಂಗಿಲ್ಲ ಅವ, ನನಗ ಹದವಾಗೇ ಹಾಕ್ತಾನ. ಏ ಗಾದೆಪ್ಪ!"

ಗಾದೆಪ್ಪ ಓಡಿಬಂದು, ಓಣಿಯಲ್ಲಿ ನಡೆದದ್ದನ್ನು ಒಂದೇ ನೋಟಕ್ಕೆ ಓದಿ, ಎರಡೂ ಪರದೆಗಳ ನಡುವೆ ಕೈಕಟ್ಟಿ ನಿಂತರು.

"ಯಜಮಾನ್ರೇ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ತಾಟಿಗೆ ಹದ ಅಲ್ರಿ, ಉಪ್ಪೇ ಹಾಕಂಗಿಲ್ರಿ."

"ಏನಂದಿ?"

"ಬ್ಯಾಸಿಗಿ ಶುರುವಾದಾಗಿಂದ್ರಿ. ಅಮ್ಮಾರು ನಮ್ಮ ಪಕ್ಕೀರಮ್ಮನ ಕೈಲೆ ಹೇಳಿಕಳಿಸಿದ್ರು. 'ಅವರು ಅಲ್ಲಿಗೆ ಬರ್ತಾರ, ಬರಲಿ. ಬೆಳ್ಳುಳ್ಳಿ ಹಾಕ್ರಿ, ಮೆಣಸಿನಕಾಯಿ ಹಾಕ್ರಿ, ನಿಂಬಿಹಣ್ಣು ಬೇಕಾದಷ್ಟು ಹಿಂಡ್ರಿ, ಉಪ್ಪು ಮಾತ್ರ ಮುಟ್ಟಿಸಬ್ಯಾಡ್ರಿ' ಅಂದಿದ್ರು. ಹುಲುಗಣ್ಣ ಅಮ್ಮಾರಿಗೆ ಹೆದರ್ತಾನ್ರಿ."

ಆಚೆ ತಾಟು ಮೇಜಿನ ಮೇಲೆ ಸರಿದ ಸದ್ದಾಯಿತು.

"ಅಕಿಗೆ ಹೆಂಗ ಗೊತ್ತಾತು?" ಬೆನಕಪ್ಪನವರು ಕೇಳಿದರು.

"ನೀವು ಮನ್ಯಾಗ ಸಾರು ಸಪ್ಪಗೈತಿ ಅಂತ ಗೊಣಗೋದು ಬಿಟ್ರಂತ್ರಿ."

ಮೊದಲು ನಕ್ಕದ್ದು ಶೈಲಾ. ಸೆರಗು ಒತ್ತಿಕೊಂಡರೂ ನಗು ತಪ್ಪಿಸಿಕೊಂಡು ಹಲಗೆ ದಾಟಿತು. ಒಂದು ಗಳಿಗೆ ಆದ ಮೇಲೆ ಆಚೆಯಿಂದಲೂ ದಪ್ಪ ನಗು ಬಂತು, ಕುರ್ಚಿ ಕಿರುಗುಟ್ಟಿತು. "ಅಂದ್ರ ಇಷ್ಟು ದಿನ ಬಾರಿಗೆ ಬಂದೂ ಅಕಿ ಕೈಯಡಿಗೀನ ಉಂಡೆ ಅಂತಾತು. ನಾನು ಹೊರಗಿನ ಊಟ ಅಂದ್ರ ಇದಪ್ಪ ಅಂತ ಬೆರಳು ಚೀಪ್ತಿದ್ದೆ!" ಆಮೇಲೆ ಸಪ್ಪೆಯ ತಾಟನ್ನು ಕೊನೆಯ ಅಗುಳಿನವರೆಗೆ ಉಣ್ಣುವ ಸದ್ದು ಕೇಳಿತು.

ಹೊರಡುವಾಗ ಅವರು ಮುಂದೆ, ಇವರು ಹಿಂದೆ. ಅವರು ಪುರಾಣದಿಂದ, ಇವರು ಟೈಲರ್ ಅಂಗಡಿಯಿಂದ.

ಮನೆಯಲ್ಲಿ ಕೊಟ್ರಬಸಮ್ಮ ತಾಟು ಹಾಕಿ ಕಾಯುತ್ತಿದ್ದರು. ಗಂಟಲವರೆಗೆ ತುಂಬಿದ ಮೂವರೂ ಹಸಿದವರಂತೆ ಸಾಲಾಗಿ ಕೂತರು.

"ಬ್ಲೌಸ್ ಎಲ್ಲವ್ವ?"

"ಇನ್ನೂ ಗುಂಡಿ ಹಚ್ಚಿಲ್ವಂತೆ, ಅತ್ತಿ," ಅಂದಳು ಶೈಲಾ.

"ಪುರಾಣ ಹೆಂಗಾತ್ರಿ?"

"ಚಲೋ ಆತು," ಅಂದರು ಬೆನಕಪ್ಪ. "ಇವತ್ತಿನ ಅಧ್ಯಾಯ ಭಾಳ ಚಲೋ ಇತ್ತು."

ಕೊಟ್ರಬಸಮ್ಮ ಎಲ್ಲರ ಬೆರಳುಗಳನ್ನೂ ಒಮ್ಮೆ ನೋಡಿದರು. ಮೂವರದೂ ಅರಿಶಿನದ ಹಳದಿ. ಒಳಗೆ ಹೋಗಿ ಒಂದು ಬಟ್ಟಲು ತಂದು ಸೊಸೆಯ ತಾಟಿನ ಪಕ್ಕ ಇಟ್ಟರು. ಅದರ ತುಂಬ ಉಪ್ಪು.

"ನಿನಗ ಬಿ.ಪಿ. ಇಲ್ಲಲ್ಲವ್ವ. ಬಂದಾಗಿಂದ ನೋಡಾಕತ್ತೀನಿ, ಕೇಳ್ತಾಳೇನು, ಕೇಳ್ತಾಳೇನು ಅಂತ. ಬಾಯಿಬಿಟ್ಟು ಕೇಳಾಕ ಏನಾಗಿತ್ತು?"

ಶೈಲಾ ಬಟ್ಟಲನ್ನು ನೋಡಿದಳು. ಹೊಟ್ಟೆಯಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ. ಆದರೂ ಒಂದು ಚಿಟಿಕೆ ಉಪ್ಪು ತೆಗೆದು ಸಾರಿಗೆ ಉದುರಿಸಿ, ಕಲಸಿ, ತುತ್ತು ಎತ್ತಿದಳು.

"ಶ್ರಾವಣದ ಮೊದಲ ಸೋಮವಾರ ನಾನೇ ಬಸ್ ಹತ್ತಿ ಬರ್ತೀನಿ, ಅತ್ತಿ," ಅಂದಳು. "ಅಣ್ಣ ಬಿಡಾಕ ಬರಲಿ, ಬಿಡಲಿ."

ಅರುಣಕುಮಾರನಿಗೆ ಮಾತ್ರ ಅದರ ಅರ್ಥ ಪೂರ್ತಿ ತಿಳಿಯಿತು. ತಲೆ ತಗ್ಗಿಸಿಕೊಂಡು ಉಂಡ. ಬೆನಕಪ್ಪನವರ ಎಡಗೈ ಮೆಲ್ಲಗೆ, ಏನೂ ತಿಳಿಯದ ಕೈಯ ಹಾಗೆ, ಬಟ್ಟಲಿನ ಕಡೆ ಹೊರಟಿತು. ಕೊಟ್ರಬಸಮ್ಮ ಅತ್ತ ನೋಡಲೇ ಇಲ್ಲ. ರೊಟ್ಟಿ ಮುರಿಯುತ್ತಲೇ ಬಟ್ಟಲನ್ನು ಇನ್ನೊಂದು ಬದಿಗೆ ಸರಿಸಿದರು.