ಅಳಿಸಿದ ಹೆಸರು
ಪ್ರಬಂಧಗಳನ್ನು ಲೇಟೆಕ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ಜೋಡಿಸುವ ಟೆಂಪ್ಲೇಟ್ ಒಂದನ್ನು ತಾವೇ ಬರೆದದ್ದೆಂದು ಮೇಷ್ಟ್ರು ಕಾಲೇಜಿಗೆಲ್ಲ ಹಂಚಿ ಶಹಬ್ಬಾಸ್ ಅನ್ನಿಸಿಕೊಂಡಿದ್ದರು. ನಿಜಕ್ಕೂ ಅದನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಬರೆದವರ ಹೆಸರು ಅಳಿಸಿ, ತಮ್ಮದನ್ನು ಹಾಕಿದ್ದರು.

ಅದನ್ನು ಬಳಸುವುದು ಹೇಗೆಂದು ಮೇಷ್ಟ್ರು ಸಹೋದ್ಯೋಗಿಗಳಿಗೆ ಕೊಡುತ್ತಿದ್ದ ತರಬೇತಿಯ ದಿನ ಪರದೆಯ ಮೇಲೆ ಆ ಫೈಲು ತೆರೆದಾಗ, ಹೊಸದಾಗಿ ಬಂದಿದ್ದ ಗ್ರಂಥಪಾಲಕಿ ಮುಂದಿನ ಬೆಂಚಿನಿಂದ ಕೇಳಿದರು: “ಸರ್, ಅಡಿಟಿಪ್ಪಣಿ ಮುಂದಿನ ಪುಟಕ್ಕೆ ಜಾರೋದು ನಿಂತಿತಾ? ಇದನ್ನ ಬರೆಯುವಾಗ ನನಗೆ ಅದೊಂದು ಬಗೆಹರಿಯಲೇ ಇಲ್ಲ.”

ಮಾತಿನಲ್ಲಿ ಕೊಂಕಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಇದು ಮೇಡಂ ಬರೆದದ್ದು, ನಂದಲ್ಲ,” ಎಂದು ಎಲ್ಲರ ಮುಂದೆ ತಲೆತಗ್ಗಿಸಿ ಹೇಳಿ, ತಮ್ಮ ಹೆಸರನ್ನು ಅಳಿಸಿದರು. ಖಾಲಿ ಜಾಗದಲ್ಲಿ ಬೆರಳು ನಿಂತುಬಿಟ್ಟಿತು. ತಾವು ಅಳಿಸಿದ್ದ ಹೆಸರು ಅವರಿಗೆ ನೆನಪೇ ಇರಲಿಲ್ಲ. ಅದನ್ನೂ ಆಕೆಯನ್ನೇ ಕೇಳಬೇಕಾಯಿತು.